ಓದುಗರ ಪ್ರಶ್ನೆ: ‘ಪೋರ್ಚುಗೀಸ್’ ಎಂದರೆ ಏನು ಅರ್ಥ? ಅದರಲ್ಲಿರುವುದು ಬಂದರಿನ ‘ಪೋರ್ಟ್’ ತಾನೇ?

ಹೌದು, ಅದು ಬಂದರೇ. ಪೋರ್ಚುಗಲ್ಲಿನ ಉತ್ತರ ಭಾಗದಲ್ಲಿ ದೌರೊ ನದಿ ಅಟ್ಲಾಂಟಿಕ್ ಸಾಗರವನ್ನು ಸೇರುವ ಅಳಿವೆಯ ಬಳಿ ಕಾಲೆ ಎಂಬ ಊರಿತ್ತು. ಲ್ಯಾಟಿನ್ ಭಾಷೆಯಲ್ಲಿ ಬಂದರಿಗೆ ‘ಪೋರ್ತುಸ್’ ಎನ್ನುತ್ತಾರೆ. ಹಾಗಾಗಿ ಆ ಜಾಗ ‘ಪೋರ್ತುಸ್ ಕಾಲೆ’, ಅಂದರೆ ಕಾಲೆಯ ಬಂದರು ಆಯಿತು. ಇಂದಿನ ಪೋರ್ಟೊ ನಗರ ಇರುವುದು ಅದೇ ಅಳಿವೆಯಲ್ಲಿ. ‘ಕಾಲೆ’ ಎಂಬ ಹೆಸರಿನ ಮೂಲದ ಬಗ್ಗೆ ಮಾತ್ರ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಹಾಗಾದರೆ ‘ಕಾಲೆ’ಯ ಕಕಾರ ಗಕಾರವಾದದ್ದು ಹೇಗೆ? ಕನ್ನಡ ವ್ಯಾಕರಣ ಓದಿದವರಿಗೆ ಇದು ಹೊಸದಲ್ಲ. ಮಳೆ ಮತ್ತು ಕಾಲ ಸೇರಿದಾಗ ನಾವು ‘ಮಳೆಕಾಲ’ ಎನ್ನುವುದಿಲ್ಲ, ‘ಮಳೆಗಾಲ’ ಎನ್ನುತ್ತೇವೆ. ಆದೇಶ ಸಂಧಿಗೆ ಶಾಲೆಯಲ್ಲಿ ಕೊಡುವ ಉದಾಹರಣೆಯೇ ಅದು. ಎರಡು ಸ್ವರಗಳ ನಡುವೆ ಸಿಕ್ಕಿದ ಕಕಾರ ಮೆತ್ತಗಾಗುವ ಈ ಗುಣ ಪೋರ್ಚುಗೀಸಿನಲ್ಲೂ ಇದೆ. ಗೆಳೆಯ ಎಂಬ ಅರ್ಥದ ಲ್ಯಾಟಿನ್ ‘ಅಮೀಕುಸ್’ ಅಲ್ಲಿ ‘ಅಮೀಗು’ ಆಗಿದೆ. ‘ಪೋರ್ತುಕಾಲೆ’ ಕೂಡ ಹಾಗೆಯೇ ‘ಪೋರ್ತುಗಾಲ್’ ಆಯಿತು. ನಂಟೇ ಇಲ್ಲದ ಎರಡು ಭಾಷಾಕುಟುಂಬಗಳ ನಾಲಿಗೆ ಒಂದೇ ಬಗೆಯಲ್ಲಿ ಹೊರಳಿರುವುದನ್ನು ಕಂಡಾಗಲೆಲ್ಲ ನನಗೆ ಬೆರಗಾಗುತ್ತದೆ.

868ರಲ್ಲಿ ವೀಮಾರಾ ಪೆರೆಸ್ ಎಂಬ ಸರದಾರ ಈ ಬಂದರನ್ನು ವಶಪಡಿಸಿಕೊಂಡ. ಊರಿನ ಹೆಸರು ಸುತ್ತಲಿನ ಸೀಮೆಗೆ ಹರಡಿತು. ಮುಂದೆ ಅದೇ ಸೀಮೆಯ ಅಫೊನ್ಸೊ ಹೆನ್ರಿಕೆಸ್ 1139ರಲ್ಲಿ ತನ್ನನ್ನು ರಾಜನೆಂದು ಕರೆದುಕೊಂಡಾಗ ಆ ಹೆಸರು ಒಂದು ರಾಜ್ಯದ ಹೆಸರಾಯಿತು.

ಇನ್ನು ಕೊನೆಯ ‘ಈಸ್’. ಲ್ಯಾಟಿನ್‌ನ ‘ಎನ್ಸಿಸ್’ ಎಂಬ ಪ್ರತ್ಯಯ ‘ಆ ಊರಿನ, ಆ ನಾಡಿನ’ ಎಂಬ ಅರ್ಥ ಕೊಡುತ್ತದೆ. ಚೈನೀಸ್, ಜಪಾನೀಸ್ ಎಂಬಲ್ಲಿ ಇರುವುದೂ ಅದೇ. ಹೀಗೆ ಪೋರ್ಚುಗೀಸ್ ಎಂದರೆ ಪೋರ್ಚುಗಲ್ಲಿನವರು, ಅವರ ನುಡಿ. ಅಲ್ಲಿನವರು ತಮ್ಮನ್ನು ಕರೆದುಕೊಳ್ಳುವುದು ಸುಮಾರಾಗಿ ‘ಪುರ್ತುಗೇಶ್’ ಎಂದು. ನಮ್ಮ ಪದದಲ್ಲಿ ‘ಚು’ ಮತ್ತು ‘ಈಸ್’ ಇರುವುದರಿಂದ ಅದು ಇಂಗ್ಲಿಷಿನ ಮೂಲಕ ಬಂದದ್ದೆಂದು ಗೊತ್ತಾಗುತ್ತದೆ.

ಇಂಗ್ಲಿಷಿನ ಹಂಗಿಲ್ಲದೆ ನಮ್ಮವರು ಅವರಿಗೆ ಇಟ್ಟ ಹೆಸರು ಪರಂಗಿಯವರು. ಫ್ರಾಂಕ್ ಎಂಬ ಜನರ ಹೆಸರನ್ನು ಅರಬರು ಯುರೋಪಿನ ಎಲ್ಲರಿಗೂ ಬಳಸಿದರು. ಅದು ಪಾರ್ಸಿಯ ‘ಫರಂಗಿ’ಯಾಗಿ ನಮ್ಮಲ್ಲಿ ಪರಂಗಿಯಾಯಿತು. ಅಮೆರಿಕದ ನೆಲದಿಂದ ಕಡಲು ದಾಟಿ ಬಂದ ಪಪ್ಪಾಯಿಯನ್ನು ಹಳೇ ಮೈಸೂರಿನ ಕಡೆ ಇಂದಿಗೂ ಪರಂಗಿ ಹಣ್ಣು ಎಂದೇ ಕರೆಯುತ್ತಾರೆ.