'ಲಕ್ಷ್ಮಿ'ಯ ಒತ್ತು ಕತ್ತರಿಸಿದ್ದು ಯಾರ ಕಣ್ಣಿಗೆ ಬೀಳುತ್ತದೆ?

ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ ಮದುವೆ ಕಾರ್ಡಿನ ಅಂಗಡಿಗಳು ಸಾಲಾಗಿವೆ. ಕಳೆದ ವರ್ಷ ಅಕ್ಕನ ಮಗಳ ಮದುವೆಗೆ ಕಾರ್ಡ್ ಮಾಡಿಸಲು ಅಲ್ಲಿಗೆ ಹೋಗಿದ್ದೆ. ಪ್ರೂಫ್ ಕೈಗೆ ಬಂತು. 'ಲಕ್ಷ್ಮಿ'ಯ ಒತ್ತಕ್ಷರದ ತಳ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಹೋಗಿತ್ತು. 'ಶಾಸ್ತ್ರಿ'ಯದ್ದೂ ಅದೇ ಪಾಡು. ಡಿಟಿಪಿ ಮಾಡುವವರು, "ಎರಡು ಒತ್ತು ಬಂದ್ರೆ ಹೀಗೇ ಸಾರ್, ಸಾಲಿನ ಮಧ್ಯೆ ಜಾಗ ಜಾಸ್ತಿ ಮಾಡಿದ್ರೆ ಸರಿಹೋಗುತ್ತೆ" ಎಂದು ಅಲ್ಲೇ ಸರಿಮಾಡಿ ಕೊಟ್ಟರು. ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದೆ. ನಾಲ್ಕು ವರ್ಷ ಆಯ್ತು ಎಂದರು. ಅವರು ಬಳಸುತ್ತಿದ್ದದ್ದು ಓಪನ್ ಸೋರ್ಸ್ ತಂತ್ರಾಂಶ, ಅಂದರೆ ಮೂಲ ಕೋಡ್ ಎಲ್ಲರಿಗೂ ತೆರೆದಿರುವಂಥದ್ದು. ಮಾಡಿದವರಿಗೆ ಹೇಳಿದ್ದೀರಾ ಎಂದೆ.

"ಯಾರಿಗೆ ಹೇಳೋದು ಸಾರ್?"

ಈ ಪ್ರಶ್ನೆಗೆ ನಾಲ್ಕು ದಶಕಕ್ಕೂ ಹೆಚ್ಚಿನ ಇತಿಹಾಸವಿದೆ. ಓಪನ್ ಸೋರ್ಸ್ ಚಳವಳಿಯ ಬೇರಿನಲ್ಲೂ ಬಳಕೆದಾರನೊಬ್ಬನ ಇಂಥದ್ದೇ ಪೇಚಾಟವಿದೆ. 1980ರ ಆಸುಪಾಸಿನಲ್ಲಿ ಅಮೆರಿಕದ ಎಂಐಟಿಯ ಲ್ಯಾಬ್‌ನಲ್ಲಿ ಒಂದು ಹೊಸ ಪ್ರಿಂಟರ್ ಪದೇ ಪದೇ ಕಾಗದ ಸಿಕ್ಕಿಹಾಕಿಕೊಂಡು ನಿಲ್ಲುತ್ತಿತ್ತು. ಅಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ ಹಳೆಯ ಪ್ರಿಂಟರಿನ ಕೋಡ್ ತಿದ್ದಿ, ಅದು ನಿಂತ ಕೂಡಲೇ ಎಲ್ಲರಿಗೂ ಸಂದೇಶ ಹೋಗುವಂತೆ ಮಾಡಿದ್ದರು. ಹೊಸ ಪ್ರಿಂಟರಿಗೂ ಹಾಗೇ ಮಾಡೋಣ ಎಂದರೆ ಅದರ ಮೂಲ ಕೋಡ್ ಯಾರೂ ಕೊಡಲಿಲ್ಲ. ರಿಪೇರಿ ಮಾಡಲು ಬರುತ್ತದೆ, ಮಾಡುವ ಮನಸ್ಸೂ ಇದೆ, ಆದರೆ ಬಾಗಿಲಿಗೆ ಬೀಗ. 1983ರಲ್ಲಿ ಅವರು, ಯಾರು ಬೇಕಾದರೂ ತಿದ್ದಬಹುದಾದ ತಂತ್ರಾಂಶ ಕಟ್ಟುವ ಗ್ನೂ ಯೋಜನೆ ಘೋಷಿಸಿದ್ದರ ಹಿಂದೆ ಈ ಬೇಸರವೂ ಇತ್ತು.

ಅದೇ ಕಾಲದಲ್ಲಿ ಇನ್ನೊಬ್ಬರು ಬೇರೆ ದಾರಿ ಹಿಡಿದರು. ಅಕ್ಷರ ಜೋಡಣೆಗೆ ಟೆಕ್ ಎಂಬ ತಂತ್ರಾಂಶ ಬರೆದ ಡೊನಾಲ್ಡ್ ಕನೂತ್, ಅದರಲ್ಲಿ ತಪ್ಪು ಹುಡುಕಿದವರಿಗೆ ಚೆಕ್ ಬರೆದು ಕಳಿಸುತ್ತಿದ್ದರು. ಮೊದಲು 2.56 ಡಾಲರ್. ವರ್ಷಕ್ಕೊಮ್ಮೆ ಇಮ್ಮಡಿಸುತ್ತಾ ಅದು 327.68 ಡಾಲರಿಗೆ ಬಂದು ನಿಂತಿತು. ಚೆಕ್ ಸಿಕ್ಕವರಲ್ಲಿ ಎಷ್ಟೋ ಮಂದಿ ಬ್ಯಾಂಕಿಗೆ ಹೋಗಲೇ ಇಲ್ಲ, ಫ್ರೇಮ್ ಹಾಕಿಸಿ ಗೋಡೆಗೆ ನೇತುಹಾಕಿದರು. ನನಗೆ ಈ ಸಂಗತಿ ತುಂಬಾ ಇಷ್ಟ. ಜನಕ್ಕೆ ಬೇಕಿದ್ದದ್ದು ದುಡ್ಡಲ್ಲ. ನೀನು ಹೇಳಿದ್ದನ್ನು ಓದಿದೆ, ನೀನು ಹೇಳಿದ್ದು ಸರಿ ಎಂಬ ಒಂದು ಉತ್ತರ.

1991ರಲ್ಲಿ ಲೈನಸ್ ಟೋರ್ವಾಲ್ಡ್ಸ್, ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಶುರು ಮಾಡಿದಾಗ ಬಳಕೆದಾರರೇ ಪರೀಕ್ಷಕರಾದರು. ನೋಡುವ ಕಣ್ಣು ಸಾಕಷ್ಟಿದ್ದರೆ ಯಾವ ಬಗ್ (ತಂತ್ರಾಂಶದ ದೋಷ) ಕೂಡ ದೊಡ್ಡದಲ್ಲ ಎಂಬ ಮಾತನ್ನು ಪ್ರೋಗ್ರಾಮರ್ ಎರಿಕ್ ರೇಮಂಡ್ 1997ರಲ್ಲಿ ಲೈನಸ್ ಹೆಸರಿನಲ್ಲೇ ನಿಯಮ ಮಾಡಿಟ್ಟರು. ಅಷ್ಟು ಹೊತ್ತಿಗೆ, ಲಿನಕ್ಸ್‌ನ ಒಂದು ರೂಪವನ್ನು ಸಿದ್ಧಪಡಿಸುವ ಡೆಬಿಯನ್ ತಂಡ ತನ್ನ ಬಗ್‌ಗಳ ಪಟ್ಟಿಯನ್ನು ಎಲ್ಲರಿಗೂ ಕಾಣುವ ಹಾಗೆ ಇಟ್ಟಾಗಿತ್ತು. ಯಾರು ಬೇಕಾದರೂ ಇಮೇಲ್ ಕಳಿಸಿ ದೂರು ಸೇರಿಸಬಹುದಿತ್ತು. ತೊಂದರೆಗಳನ್ನು ಬಚ್ಚಿಡುವುದಿಲ್ಲ ಎಂದು 1997ರಲ್ಲಿ ಅವರು ಬರೆದೇ ಕೊಟ್ಟರು. 1998ರಲ್ಲಿ ನೆಟ್‌ಸ್ಕೇಪ್ ತನ್ನ ಬ್ರೌಸರಿನ ಕೋಡ್ ಬಿಡುಗಡೆ ಮಾಡಿತು. ಅದರ ಜತೆಗೇ ಬಗ್‌ಗಳ ದೂರು ದಾಖಲಿಸುವ ಬಗ್‌ಜಿಲ್ಲಾ ಬಂತು. ಮುಂದೆ ನೂರಾರು ಯೋಜನೆಗಳು ಅದನ್ನೇ ಬಳಸಿದವು.

ಆದರೆ ಬಗ್‌ಜಿಲ್ಲಾದ ಫಾರಂ ತೆರೆದವರಿಗೆ ಗೊತ್ತು. ಯಾವ ಪ್ರಾಡಕ್ಟ್, ಯಾವ ಕಾಂಪೊನೆಂಟ್, ಯಾವ ವರ್ಷನ್, ಎಷ್ಟು ಗಂಭೀರ ಎಂದು ಒಂದಾದ ಮೇಲೊಂದು ಪ್ರಶ್ನೆ. ಕೋಡ್ ಬರೆಯುವವರಿಗೆ ಅವೆಲ್ಲ ಸಹಜ. ಉಳಿದವರು ಅರ್ಧಕ್ಕೇ ಬಿಟ್ಟು ಎದ್ದುಹೋಗುತ್ತಾರೆ. ಇಷ್ಟಾಗಿಯೂ ಆ ಪ್ರಶ್ನೆಗಳು ಸುಮ್ನೆ ಹುಟ್ಟಿದ್ದಲ್ಲ. ಬೆಸ್ಕಾಂನ 1912ಕ್ಕೆ ಫೋನ್ ಮಾಡಿ "ಕರೆಂಟ್ ಇಲ್ಲ" ಎಂದಷ್ಟೇ ಹೇಳಿದರೆ ಲೈನ್‌ಮ್ಯಾನ್ ಎಲ್ಲಿಗೆ ಹೋಗಬೇಕು? ಪಕ್ಕದ ಮನೆಯಲ್ಲಿ ಇದೆಯಾ, ಬೀದಿಗೆಲ್ಲ ಹೋಗಿದೆಯಾ, ಯಾವಾಗ ಹೋಯಿತು ಅಂತ ಹೇಳಿದರೆ ಅರ್ಧ ಕೆಲಸ ಮುಗಿದ ಹಾಗೆ. ಒಳ್ಳೆಯ ಬಗ್ ವರದಿಯೂ ಅಷ್ಟೇ. ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು. ಈ ಮೂರನ್ನು ಹೇಳಲು ಪ್ರೋಗ್ರಾಮಿಂಗ್ ಬರಬೇಕಿಲ್ಲ, ಅಲ್ವಾ?

ಫಾರಂನ ಕಷ್ಟ ತಪ್ಪಿಸಲು, ಪ್ರೋಗ್ರಾಂ ಕುಸಿದುಬಿದ್ದಾಗ ತಾನೇ ವರದಿ ಕಳಿಸುವ ವ್ಯವಸ್ಥೆಗಳು ಬಂದವು. ಫೈರ್‌ಫಾಕ್ಸ್ ಬ್ರೌಸರ್, ಲಿನಕ್ಸ್ ಬಳಗದ ಗ್ನೋಮ್, ಉಬುಂಟು ಎಲ್ಲದರಲ್ಲೂ ಬಂತು. ಬಳಕೆದಾರ ಒಂದು ಗುಂಡಿ ಒತ್ತಿದರೆ ಸಾಕು. ಇದರಿಂದ ಬಹಳ ಉಪಯೋಗವಾಗಿದೆ. ಆದರೆ 'ಲಕ್ಷ್ಮಿ'ಯ ತಳ ಕತ್ತರಿಸಿದಾಗ ಪ್ರೋಗ್ರಾಂ ಕುಸಿಯುವುದಿಲ್ಲ. ಯಂತ್ರದ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿದೆ. ಅದು ತಪ್ಪು ಎಂದು ಗೊತ್ತಾಗುವುದು ಕನ್ನಡ ಓದುವವರಿಗೆ ಮಾತ್ರ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನಮ್ಮ ಭಾಷೆಯ ಕಥೆ ಇರುವುದೇ ಇಲ್ಲಿ. ಲಿನಕ್ಸ್ ಹುಟ್ಟಿದ 1991ರಲ್ಲೇ, ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಕಂಪ್ಯೂಟರಿನಲ್ಲಿ ಸಂಖ್ಯೆ ಕೊಡುವ ಯೂನಿಕೋಡ್‌ನ ಮೊದಲ ಆವೃತ್ತಿ ಬಂತು. ಅದರಲ್ಲಿ ಕನ್ನಡಕ್ಕೂ ಜಾಗವಿತ್ತು. ಜಾಗ ಸಿಕ್ಕಿದ್ದು ಒಂದು, ಅಕ್ಷರ ಸರಿಯಾಗಿ ಮೂಡುವುದು ಇನ್ನೊಂದು. 'ಸೂರ್ಯ' ಎಂದು ಬರೆದಾಗ ರಕಾರ ಅರ್ಕಾವತ್ತಾಗಿ ಹಿಂದಕ್ಕೆ ಹೋಗುತ್ತದೆ. 'ರ‍್ಯಾಂಕ್' ಎಂದು ಬರೆದಾಗ ರಕಾರ ಪೂರ್ತಿ ನಿಲ್ಲಬೇಕು, ಯ ಒತ್ತಾಗಬೇಕು. ಕಂಪ್ಯೂಟರಿಗೆ ಎರಡೂ ಒಂದೇ: ರ, ಹಲಂತ (ಅಕ್ಷರದ ಸ್ವರ ತೆಗೆಯುವ ಗುರುತು), ಯ. ಬೇರೆ ಮಾಡಲು ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಹಾಕಬೇಕು. ಅದಕ್ಕೆ ಜೀರೋ ವಿಡ್ತ್ ಜಾಯಿನರ್ ಎನ್ನುತ್ತಾರೆ. ಹಳೆಯ ರೂಢಿಯಲ್ಲಿ ಅದನ್ನು ಹಲಂತದ ನಂತರ ಹಾಕುತ್ತಿದ್ದರು. ಯೂನಿಕೋಡ್ ನಿಯಮ ರಕಾರ ಆದ ಕೂಡಲೇ ಹಾಕಬೇಕು ಎನ್ನುತ್ತದೆ. ನಿಯಮವನ್ನಷ್ಟೇ ಪಾಲಿಸುವ ತಂತ್ರಾಂಶದಲ್ಲಿ ಹಳೆಯ ಬರಹ ತೆರೆದರೆ 'ರ‍್ಯಾಂಕ್' ಹೋಗಿ 'ರ್ಯಾಂಕ್' ಆಗುತ್ತದೆ.

ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್, ಇವೆಲ್ಲದರಲ್ಲೂ ಅಕ್ಷರ ಜೋಡಿಸುವ ಕೆಲಸ ಹಾರ್ಫ್‌ಬಜ್ ಎಂಬ ಓಪನ್ ಸೋರ್ಸ್ ಲೈಬ್ರರಿಯದು (ಲೈಬ್ರರಿ ಎಂದರೆ ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ಸಿದ್ಧ ಕೋಡ್). ಹಳೆಯ ರೂಢಿಯ ಕನ್ನಡವೂ ಸರಿಯಾಗಿ ಕಾಣಬೇಕು ಎಂಬ ಟಿಪ್ಪಣಿ ಇವತ್ತು ಅದರ ಕೋಡ್‌ನಲ್ಲೇ ಇದೆ. ಎರಡೂ ಕ್ರಮಗಳನ್ನು ಅದು ಒಪ್ಪಿಕೊಳ್ಳುತ್ತದೆ. ಬೀದಿಯಲ್ಲಿ ಕನ್ನಡ ಬೋರ್ಡೇ ಕಾಣದ ಊರಿನಲ್ಲಿ ಕೂತು ಕೋಡ್ ಬರೆಯುವವರಿಗೆ ಇದು ತಾನಾಗಿ ಹೊಳೆಯುವ ವಿಷಯವಲ್ಲ.

ಇದೇ ಹಾರ್ಫ್‌ಬಜ್ ತಂಡ ಭಾರತೀಯ ಲಿಪಿಗಳನ್ನು ಪರೀಕ್ಷಿಸಲು ವಿಕಿಪೀಡಿಯದ ಪದಗಳನ್ನು ಬಳಸಿತು. ಕನ್ನಡದ ಒಂಬತ್ತು ಲಕ್ಷಕ್ಕೂ ಹೆಚ್ಚು ಪದಗಳನ್ನು ತೆಗೆದುಕೊಂಡು, ವಿಂಡೋಸ್‌ನಲ್ಲಿ ಮೂಡುವ ರೂಪದ ಜತೆ ಹೋಲಿಸಿ ನೋಡಿದರು. ಕನ್ನಡ ವಿಕಿಪೀಡಿಯಕ್ಕೆ ರಾತ್ರಿ ಕೂತು ಲೇಖನ ಬರೆದವರು ತಮಗೇ ಗೊತ್ತಿಲ್ಲದೆ ಬಗ್ ಸರಿಮಾಡಲು ನೆರವಾದರು! ಆದರೂ ಹೋಲಿಕೆ ಮಾಡಿದ್ದು ಇನ್ನೊಂದು ತಂತ್ರಾಂಶದ ಜತೆ. ಅದರಲ್ಲೂ ತಪ್ಪಿದ್ದರೆ ಹಿಡಿಯುವವರು ಯಾರು?

ಕಣ್ಣು ಜಾಸ್ತಿ ಇದ್ದರೆ ಸಾಕು ಎಂಬ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದದ್ದು 2014ರ ಏಪ್ರಿಲ್‌ನಲ್ಲಿ. ಇಂಟರ್ನೆಟ್ಟಿನಲ್ಲಿ ಹೋಗುವ ಮಾಹಿತಿಯನ್ನು ಗುಟ್ಟಾಗಿಡುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ ಹಾರ್ಟ್‌ಬ್ಲೀಡ್ ದೋಷ 2012ರ ಮಾರ್ಚ್‌ನಿಂದ ಎಲ್ಲರ ಎದುರಿಗೇ ಇತ್ತು. ಜಗತ್ತೆಲ್ಲ ಬಳಸುತ್ತಿತ್ತು, ಕೂತು ಓದಿದವರು ಕಡಿಮೆ. ಹತ್ತು ವರ್ಷದ ನಂತರ ಇದಕ್ಕೆ ತದ್ವಿರುದ್ಧವಾದದ್ದು ನಡೆಯಿತು. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್‌ಗೆ ತಮ್ಮ ಕಂಪ್ಯೂಟರಿನಲ್ಲಿ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಅನ್ನಿಸಿತು. ಬಿಡದೆ ಬೆನ್ನು ಹತ್ತಿದರು. ಎಕ್ಸ್‌ಝಡ್ ಎಂಬ ಲೈಬ್ರರಿಯಲ್ಲಿ ಗುಟ್ಟಾಗಿ ಒಳನುಗ್ಗಲು ಯಾರೋ ಬೇಕೆಂದೇ ಬಚ್ಚಿಟ್ಟಿದ್ದ ಹಿಂಬಾಗಿಲು ಸಿಕ್ಕಿತು. ಸಾವಿರ ಕಣ್ಣಿಗಿಂತ, ತನ್ನ ಕೆಲಸವನ್ನು ಚೆನ್ನಾಗಿ ಬಲ್ಲ ಒಬ್ಬರ ಕಣ್ಣು ಹೆಚ್ಚು ಕಂಡಿತು.

ಈಗ ಹೊಸ ಕಷ್ಟ ಬಂದಿದೆ. ಎಐ ಬಳಸಿ ಬರೆದ ಪೊಳ್ಳು ವರದಿಗಳು ರಾಶಿ ಬೀಳುತ್ತಿವೆ. ದೋಷ ಹುಡುಕಿದವರಿಗೆ ಹಣ ಕೊಡುವ ಯೋಜನೆಯನ್ನು, ಇಂಟರ್ನೆಟ್ಟಿನಲ್ಲಿ ಮಾಹಿತಿ ಸಾಗಿಸುವ ಕರ್ಲ್ ತಂತ್ರಾಂಶದ ತಂಡ 2019ರಿಂದ ನಡೆಸುತ್ತಿತ್ತು. 2026ರ ಜನವರಿ ಕೊನೆಗೆ ಅದನ್ನು ನಿಲ್ಲಿಸಿತು. ಸುಳ್ಳು ದೂರುಗಳನ್ನು ಓದುವುದರಲ್ಲೇ ದಿನ ಕಳೆದರೆ ನಿಜವಾದ ದೂರು ಓದಲು ಯಾರಿಗೆ ಪುರುಸೊತ್ತು ಇರುತ್ತದೆ?

ನಮ್ಮ ಊರಿಗೆ ಈ ಕೆಲಸ ಹೊಸದಲ್ಲ. 2001ರಲ್ಲಿ ಇಲ್ಲಿ ಲಿನಕ್ಸ್ ಬೆಂಗಳೂರು ಸಮ್ಮೇಳನ ಶುರುವಾಯಿತು. 2005ರಲ್ಲಿ ಫಾಸ್ ಡಾಟ್ ಇನ್ ಎಂಬ ಹೆಸರು ಪಡೆದು 2012ರವರೆಗೆ ನಡೆಯಿತು. ಈಗ ಓಪನ್ ಸೋರ್ಸ್ ಬಳಗವಾದ ಫಾಸ್ ಯುನೈಟೆಡ್‌ನವರು ಸಮ್ಮೇಳನ ನಡೆಸುತ್ತಾರೆ. ಬರುವವರಲ್ಲಿ ಕೋಡ್ ಬರೆಯುವವರೇ ಜಾಸ್ತಿ. ಸುಲ್ತಾನ್‌ಪೇಟೆಯ ಡಿಟಿಪಿ ಅಂಗಡಿಯವರು, ಶಾಲೆಯ ಪ್ರಶ್ನೆಪತ್ರಿಕೆ ಟೈಪ್ ಮಾಡುವ ಮೇಡಂ, ವಕೀಲರ ಕಚೇರಿಯ ಗುಮಾಸ್ತರು ಅಲ್ಲಿ ಕಾಣುವುದಿಲ್ಲ. ದಿನಕ್ಕೆ ಎಂಟು ಗಂಟೆ ಕನ್ನಡ ಟೈಪ್ ಮಾಡುವವರು ಅವರೇ. ಪ್ರತಿಯೊಬ್ಬರ ಹತ್ತಿರವೂ ಹತ್ತಾರು ಬಗ್‌ಗಳಿವೆ, ಅದನ್ನು ಸುಧಾರಿಸಿಕೊಂಡು ಹೋಗುವ ಉಪಾಯಗಳೂ ಇವೆ. ಅವರಿಗೆ ಇಂಗ್ಲಿಷ್ ಫಾರಂ ತೋರಿಸಿ ಸುಮ್ಮನಾದರೆ ಆಗದು. ಪಕ್ಕದಲ್ಲಿ ಕೂತು ಬರೆದುಕೊಡುವವರು ಬೇಕು. ಉತ್ತರ ಬಂದಾಗ ಅದನ್ನು ಅವರಿಗೆ ಕನ್ನಡದಲ್ಲಿ ತಲುಪಿಸುವವರೂ ಬೇಕು.

ಕಾರ್ಡ್ ತೆಗೆದುಕೊಳ್ಳಲು ಹೋದ ದಿನ ನಾವಿಬ್ಬರೂ ಕೂತು ವರದಿ ಬರೆದೆವು. ಅವರು ಹೇಳಿದರು, ನಾನು ಇಂಗ್ಲಿಷ್‌ಗೆ ಹಾಕಿದೆ. ಫಾಂಟ್‌ನ ಹೆಸರು, ವರ್ಷನ್, ಸಾಲಿನ ಅಂತರ ಎಷ್ಟಿದ್ದಾಗ ಕತ್ತರಿಸುತ್ತದೆ, ಎಷ್ಟಕ್ಕೆ ಸರಿಹೋಗುತ್ತದೆ, ಎಲ್ಲವೂ ಅವರ ಬಾಯಲ್ಲೇ ಇತ್ತು. ಮೂರನೇ ದಿನ ಡೆವಲಪರ್ ಕೇಳಿದರು: ಈ ಅಕ್ಷರ ನಿಜವಾಗಿ ಹೇಗೆ ಕಾಣಬೇಕು?

ಅಂಗಡಿಯವರಿಗೆ ಫೋನ್ ಮಾಡಿ ಹೇಳಿದೆ. ಸಂಜೆ ಒಂದು ಫೋಟೊ ಬಂತು. ಅವರ ತಂದೆಯ ಕಾಲದಲ್ಲಿ ಅಚ್ಚುಮೊಳೆ ಜೋಡಿಸಿ ಮುದ್ರಿಸಿದ್ದ ಹಳದಿಯಾದ ಲಗ್ನಪತ್ರಿಕೆ. ಅದರಲ್ಲಿ 'ಲಕ್ಷ್ಮಿ'ಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದರು. ಒತ್ತಕ್ಷರ ಪೂರ್ತಿಯಾಗಿತ್ತು. ಅದನ್ನೇ ವರದಿಗೆ ಸೇರಿಸಿದೆ.