ಮುಟ್ಟಿದರೆ ಸೊನ್ನೆ

ಜನವರಿ-ಫೆಬ್ರವರಿಯ ಒಣಹವೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಬಾಗಿಲ ಚಿಲಕ ಮುಟ್ಟಿದರೆ ಚುರ್ ಅಂತ ಹೊಡೆಯುತ್ತದಲ್ವಾ? ಅದು ಎಷ್ಟು ವೋಲ್ಟ್ ಅಂತ ನೋಡೇಬಿಡೋಣ ಎಂದು ಪರಿಚಯದವರೊಬ್ಬರು ಮಲ್ಟಿಮೀಟರ್ ತಂದರು. ಒಂದು ವೈರಿನ ತುದಿ ನನ್ನ ಕೈಗೆ ಕೊಟ್ಟರು, ಇನ್ನೊಂದನ್ನು ಕಬ್ಬಿಣದ ನಲ್ಲಿಗೆ ಒತ್ತಿ ಹಿಡಿದರು. ಮೀಟರಿನಲ್ಲಿ ಸೊನ್ನೆ. "ನೋಡಿ, ಕರೆಂಟೇ ಇಲ್ಲ. ಅದು ನಿಮ್ಮ ಮೈಯಲ್ಲಿರೋ ಶಕ್ತಿ, ತಾಮ್ರದ ಬಳೆ ಹಾಕ್ಕೊಳ್ಳಿ" ಅಂದರು. ಬಳೆ ಹಾಳಾಗಿ ಹೋಗಲಿ. ಆ ಸೊನ್ನೆಯನ್ನು ನಂಬಿದರಲ್ಲ, ಅದು ನನಗೆ ತಡೆಯಲಿಲ್ಲ.

ಆ ಚುರ್ ನಮಗೆ ಗೊತ್ತಾಗಬೇಕಾದರೇ ಮೈ ಮೇಲೆ ಸುಮಾರು 3000 ವೋಲ್ಟ್ ಇರಬೇಕು. ಆದರೆ ವೋಲ್ಟೇಜ್ ಜಾಸ್ತಿ, ಸರಕು (ಅಂದರೆ ಚಾರ್ಜ್) ಕಡಿಮೆ. ನಮ್ಮ ದೇಹ ಅಂದಾಜು 100 ಪಿಕೋಫ್ಯಾರಡ್‌ನ ಪುಟ್ಟ ಕೆಪಾಸಿಟರ್, ಅಂದರೆ ಚಾರ್ಜ್ ತುಂಬಿಟ್ಟುಕೊಳ್ಳುವ ಪಾತ್ರೆ. ಮಾಮೂಲಿ ಡಿಜಿಟಲ್ ಮೀಟರ್ ಒಳಗೆ 10 ಮೆಗಾಓಮ್ (ಒಂದು ಕೋಟಿ ಓಮ್) ತಡೆಯ ದಾರಿ ಇರುತ್ತದೆ. ಎರಡನ್ನೂ ಗುಣಿಸಿದರೆ ಚಾರ್ಜ್ ಸೋರುವ ಹೊತ್ತಿನ ಅಳತೆ ಸಿಗುತ್ತದೆ: ಸೆಕೆಂಡಿನ ಸಾವಿರದ ಒಂದು ಭಾಗ. ಅಷ್ಟರಲ್ಲಿ ಮೂರರಲ್ಲಿ ಎರಡು ಪಾಲಿನ ಹತ್ತಿರ ಹತ್ತಿರ ಚಾರ್ಜ್ ಮೀಟರಿನ ಮೂಲಕವೇ ಸೋರಿ ಹೋಗಿರುತ್ತದೆ, ಇನ್ನು ಅದು ಅಂಕಿ ತೋರಿಸುವ ಹೊತ್ತಿಗೆ ಏನು ಉಳಿದಿರುತ್ತೆ? ಒಂದು ಚಮಚ ಕಾಫಿ ಎಷ್ಟು ಬಿಸಿ ಇದೆ ನೋಡಲು ಫ್ರಿಜ್ಜಿನಿಂದ ತೆಗೆದ ದೊಡ್ಡ ಸೌಟನ್ನು ಅದ್ದಿದ ಹಾಗೆ.

ಹಾಗಾದರೆ ಮುಟ್ಟದೇ ಅಳೆಯಬೇಕು. ಹಳೇ ಡಬ್ಬಾ ಟಿವಿ ಆನ್ ಮಾಡಿ ಪರದೆಯ ಹತ್ತಿರ ಕೈ ಒಯ್ದರೆ ರೋಮ ನೆಟ್ಟಗಾಗುತ್ತಿತ್ತು, ನೆನಪಿದೆಯಾ? ಅದೂ ಮುಟ್ಟದೇ ತಿಳಿದಿದ್ದೇ. ಚಾರ್ಜ್ ಇದೆ ಅಂತ ರೋಮ ಹೇಳುತ್ತದೆ, ಎಷ್ಟು ಅಂತ ಹೇಳಲ್ಲ. ಕೈ ಸ್ವಲ್ಪ ಹಿಂದೆ ತಂದರೆ ರೋಮ ಮಲಗುತ್ತದೆ. ಟಿವಿಯ ವೋಲ್ಟೇಜ್ ಅಷ್ಟೇ ಇದೆ, ಬದಲಾದದ್ದು ದೂರ. ಮುಟ್ಟದೇ ಅಳೆಯುವವರಿಗೆಲ್ಲ ಈ ದೂರದ್ದೇ ತಲೆನೋವು.

ಇದನ್ನು ದಾಟಿದ ಉಪಾಯ ನನಗೆ ಬಹಳ ಇಷ್ಟ. ಮುಟ್ಟದೇ ಅಳೆಯುವ ಎಲೆಕ್ಟ್ರೋಸ್ಟ್ಯಾಟಿಕ್ ವೋಲ್ಟ್‌ಮೀಟರಿನ ಪ್ರೋಬ್‌ನಲ್ಲಿ, ಅಂದರೆ ಅಳೆಯುವ ತುದಿಯಲ್ಲಿ, ಒಂದು ಚಿಕ್ಕ ಲೋಹದ ತಟ್ಟೆ. ಅದನ್ನು ಅಳೆಯಬೇಕಾದ ವಸ್ತುವಿನ ಮೇಲ್ಮೈಯಿಂದ ಒಂದೆರಡು ಮಿಲಿಮೀಟರ್ ದೂರದಲ್ಲಿ ಹಿಡಿದು ಸೆಕೆಂಡಿಗೆ ನೂರಾರು ಸಲ ಅದುರಿಸುತ್ತಾರೆ. ತಟ್ಟೆ ಹತ್ತಿರ ಬಂದಾಗ ಅದರೊಳಗೆ ಚಾರ್ಜ್ ನುಗ್ಗುತ್ತದೆ, ದೂರ ಹೋದಾಗ ವಾಪಸ್ ಓಡುತ್ತದೆ. ಈ ಓಡಾಟವೇ ಒಂದು ಸಣ್ಣ ಎಸಿ ಕರೆಂಟ್. ಈಗ ಮೀಟರ್ ಆ ಕರೆಂಟನ್ನು ಅಳೆಯುವ ಗೋಜಿಗೇ ಹೋಗಲ್ಲ. ತನ್ನ ಪ್ರೋಬನ್ನೇ ಮೆಲ್ಲಗೆ ಮೇಲಿನ ವೋಲ್ಟೇಜಿಗೆ ಏರಿಸುತ್ತಾ ಹೋಗುತ್ತದೆ, ನೂರು, ಇನ್ನೂರು, ಮುನ್ನೂರು... ಪ್ರೋಬ್, ಮೇಲ್ಮೈ ಎರಡರ ವೋಲ್ಟೇಜೂ ಸಮ ಆದ ಕ್ಷಣ ಮಧ್ಯೆ ಸೆಳೆತವೇ ಇಲ್ಲ. ತಟ್ಟೆ ಎಷ್ಟೇ ಅದುರಲಿ, ಕರೆಂಟ್ ಸೊನ್ನೆ. ಆಗ ತಾನು ಎಷ್ಟಕ್ಕೆ ಏರಿದ್ದೇನೆ ಅಂತ ನೋಡಿಕೊಂಡರಾಯಿತು, ಅದು ತನ್ನದೇ ವೋಲ್ಟೇಜ್, ಎಷ್ಟು ಬೇಕಾದರೂ ಮುಟ್ಟಿ ಅಳೆಯಬಹುದು!

ತಕ್ಕಡಿಯಲ್ಲಿ ಬೆಲ್ಲ ತೂಗುವ ಅಂಗಡಿಯವನು ಮಾಡುವುದೂ ಇದನ್ನೇ, ಮುಳ್ಳು ನಡುವೆ ನಿಲ್ಲುವ ತನಕ ತೂಕದ ಬಟ್ಟು ಹಾಕಿ ಆಮೇಲೆ ಬಟ್ಟು ಎಣಿಸುತ್ತಾನೆ. ಅಥವಾ ತಂಬೂರಿ ಶ್ರುತಿ ಮಾಡುವವರನ್ನು ನೋಡಿ: ಎರಡು ತಂತಿ ಒಟ್ಟಿಗೆ ಮೀಟಿದಾಗ ಕೇಳುವ ಆ ವ್ವಂವ್ವಂ ಅಲುಗಾಟ ನಿಲ್ಲುವವರೆಗೆ ಬಿರಡೆ ತಿರುಗಿಸುತ್ತಾರೆ. ತಕ್ಕಡಿಯ ದಂಡ ಒಂದಡಿಯಿರಲಿ ಎರಡಡಿಯಿರಲಿ, ಸಮ ಅಂದರೆ ಸಮ. ಹಾಗೇ ಇಲ್ಲಿ ದೂರ ಸ್ವಲ್ಪ ಹೆಚ್ಚುಕಡಿಮೆ ಆದರೂ ಸೊನ್ನೆ ಸೊನ್ನೆಯೇ.

ಇದರ ಬೇರು ಹಳೆಯದು. 1898ರಲ್ಲಿ ಲಾರ್ಡ್ ಕೆಲ್ವಿನ್ (ತಾಪಮಾನದ ಕೆಲ್ವಿನ್, ಅವರೇ) ಬೇರೆ ಬೇರೆ ಲೋಹದ ಎರಡು ತಟ್ಟೆಗಳನ್ನು ಎದುರುಬದುರು ಇಟ್ಟು, ದೂರ ಸರಿಸಿ, ಬ್ಯಾಟರಿಯಿಂದ ವೋಲ್ಟೇಜ್ ಕೊಟ್ಟು ಹೀಗೇ ಸೊನ್ನೆ ಹುಡುಕಿದ ವಿವರ ಪ್ರಕಟಿಸಿದರು. ತಟ್ಟೆಯನ್ನು ಅದುರಿಸುವ ವಿಧಾನವನ್ನು 1932ರಲ್ಲಿ ಜಿಸ್ಮನ್ ಎಂಬ ವಿಜ್ಞಾನಿ ತಂದರು.

ಜೆರಾಕ್ಸ್ ಯಂತ್ರದ ಡ್ರಮ್ಮಿಗೆ (ಚಾರ್ಜಿನಿಂದ ಚಿತ್ರ ಮೂಡಿಸುವ ಉರುಳೆಗೆ) ಇದು ತುಂಬಾ ಬೇಕಾಯಿತು. 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಅಸ್ಟೋರಿಯಾದಲ್ಲಿ ಚೆಸ್ಟರ್ ಕಾರ್ಲ್‌ಸನ್ ಗಂಧಕ ಬಳಿದ ಸತುವಿನ ತಗಡನ್ನು ಕರ್ಚೀಫಿನಿಂದ ಉಜ್ಜಿ ಚಾರ್ಜ್ ಮಾಡಿ ಮೊದಲ ಜೆರಾಕ್ಸ್ ಪ್ರತಿ ತೆಗೆದರು. ಎಷ್ಟು ಉಜ್ಜಬೇಕು ಅನ್ನೋದು ಆಗ ಕೈಯ ಅಂದಾಜು. ಆಮೇಲೆ ಬಂದ ಡ್ರಮ್ಮುಗಳ ಮೇಲೆ ನೂರಾರು ವೋಲ್ಟ್ ಸಮನಾಗಿ ಹರಡಬೇಕು. ಮುಟ್ಟಿ ನೋಡಿದರೆ ಚಾರ್ಜೂ ಹೋಯಿತು, ಮೇಲಿನ ಪದರವೂ ಗೀಚಿ ಹೋಯಿತು. ಚಿಪ್ ಜೋಡಿಸುವ ಕಡೆಯೂ ಅಷ್ಟೇ. ನಮಗೆ ಗೊತ್ತೇ ಆಗದ 100 ವೋಲ್ಟಿಗಿಂತ ಕಡಿಮೆಗೂ ಕೆಲವು ಚಿಪ್‌ಗಳು ಸತ್ತುಹೋಗುತ್ತವೆ.

ಒಂದು ಸೂಕ್ಷ್ಮ ಮಾತ್ರ ಉಳಿಯಿತು. ಲೋಹವಾದರೆ ಉದ್ದಕ್ಕೂ ಒಂದೇ ವೋಲ್ಟೇಜ್. ಪ್ಲಾಸ್ಟಿಕ್ ಹಾಗಲ್ಲ, ಚಾರ್ಜ್ ಕೂತಲ್ಲೇ ಕೂತಿರುತ್ತದೆ. ಬೆನ್ನು ಉಜ್ಜಿದ ಜಾಗದಲ್ಲೊಂದು, ಕೈ ಇಟ್ಟ ಜಾಗದಲ್ಲೊಂದು. ಕುರ್ಚಿಗೆ ಎಷ್ಟು ವೋಲ್ಟ್ ಅಂದರೆ ಕುರ್ಚಿಯ ಯಾವ ಜಾಗಕ್ಕೆ ಅಂತ ಕೇಳಬೇಕಾಗುತ್ತದೆ.

ಅಂದಹಾಗೆ, ಬಳೆಯ ಬದಲು ಬೀಗದ ಕೈ ಸಾಕು. ಅದನ್ನು ಗಟ್ಟಿಯಾಗಿ ಹಿಡಿದು ಮೊದಲು ಅದರ ತುದಿಯನ್ನು ಚಿಲಕಕ್ಕೆ ತಾಗಿಸಿ. ಕಿಡಿ ಅಲ್ಲಿಗೆ ಹಾರುತ್ತದೆ, ಬೆರಳಿಗೆ ಚುರ್ ಅನ್ನಲ್ಲ.