ಕಯೋವಾ ಕೌಂಟಿಯ ಸುಂಟರಗಾಳಿಗಳು: ಕಂಡವರು ಬರೆದಿಟ್ಟ ಚರಿತ್ರೆ

1928ರ ಜೂನ್ 22ರಂದು ಮಧ್ಯಾಹ್ನ ಮೂರು ಗಂಟೆ ಕಳೆದ ಮೇಲೆ, ಅಮೆರಿಕದ ಕಾನ್ಸಸ್ ರಾಜ್ಯದ ಗ್ರೀನ್ಸ್‌ಬರ್ಗ್ ಪಟ್ಟಣದ ಸಮೀಪ ವಿಲ್ ಕೆಲ್ಲರ್ ಎಂಬ ರೈತ ಮನೆಮಂದಿಯೊಡನೆ ತನ್ನ ಹೊಲದಲ್ಲಿ ನಿಂತು, ಆಗಷ್ಟೇ ಸುರಿದು ಹೋದ ಆಲಿಕಲ್ಲು ಮಳೆಗೆ ಗೋಧಿ ಬೆಳೆ ಎಷ್ಟು ಹಾಳಾಗಿದೆ ಎಂದು ನೋಡುತ್ತಿದ್ದ. ನೈಋತ್ಯದಲ್ಲಿ ಕೊಡೆಯ ಆಕಾರದ ಮೋಡವೊಂದು ಎದ್ದಿತ್ತು. ಬೆಳೆ ಹೋದ ಚಿಂತೆಯಲ್ಲಿದ್ದ ಅವನು ಅದನ್ನು ಹೆಚ್ಚು ಗಮನಿಸಲಿಲ್ಲ. ಮತ್ತೆ ತಲೆಯೆತ್ತಿ ನೋಡುವಷ್ಟರಲ್ಲಿ ಹಸಿರುಗಪ್ಪು ಬಣ್ಣದ ಮೋಡದ ತಳದಿಂದ ಒಂದಲ್ಲ, ಮೂರು ಸುಂಟರಗಾಳಿಗಳು ಇಳಿಬಿದ್ದಿದ್ದವು. ಅವುಗಳಲ್ಲಿ ಒಂದು ನೇರವಾಗಿ ಅವನ ಮನೆಯತ್ತಲೇ ಬರುತ್ತಿತ್ತು. ಹೆಂಡತಿ ಮಕ್ಕಳನ್ನು ನೆಲಮಾಳಿಗೆಗೆ ಇಳಿಸಿದ ಕೆಲ್ಲರ್, ಬಾಗಿಲು ಎಳೆದುಕೊಳ್ಳುವ ಮೊದಲು ಕೊನೆಯದಾಗಿ ಒಮ್ಮೆ ನೋಡೋಣವೆಂದು ಹೊಸ್ತಿಲಲ್ಲೇ ನಿಂತ. ಆ ಹೊತ್ತಿಗೆ ಸುಂಟರಗಾಳಿಯ ತುದಿ ನೆಲದಿಂದ ಮೇಲೆದ್ದು, ಅವನ ನೆತ್ತಿಯ ಮೇಲೆಯೇ ಹಾದುಹೋಯಿತು.

ತಲೆಯೆತ್ತಿ ನೋಡಿದರೆ ಒಳಗೆಲ್ಲ ಟೊಳ್ಳು. 15ರಿಂದ 30 ಮೀಟರ್ ಅಗಲದ ದುಂಡನೆಯ ಬಾಯಿ, ಅದರ ಮೇಲೆ ತನ್ನ ಅಂದಾಜಿಗೆ 800 ಮೀಟರಾದರೂ ನೆಟ್ಟಗೆ ಏರಿಹೋದ ಕೊಳವೆ, ಸುತ್ತಲೂ ತಿರುಗುವ ಮೋಡದ ಗೋಡೆ. ಆ ಗೋಡೆಯ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಎಡೆಬಿಡದೆ ಹರಿದಾಡುತ್ತಿದ್ದ ಮಿಂಚಿನ ಬೆಳಕಿರದಿದ್ದರೆ ತನಗೆ ಏನೂ ಕಾಣುತ್ತಿರಲಿಲ್ಲ ಎಂದು ಅವನೇ ಹೇಳಿದ್ದಾನೆ. ಕೊಳವೆಯ ಕೆಳ ಅಂಚಿನಲ್ಲಿ ಪುಟ್ಟ ಪುಟ್ಟ ಸುಳಿಗಳು ಹುಟ್ಟುತ್ತ ಕಳಚಿಕೊಳ್ಳುತ್ತ ಇದ್ದವು. ಕಿವಿಗೆ ಬೀಳುತ್ತಿದ್ದ ಬುಸುಗುಟ್ಟುವ ಸದ್ದು ಅವುಗಳದು. ದೊಡ್ಡ ಸುಳಿ ಅಪ್ರದಕ್ಷಿಣವಾಗಿ ತಿರುಗುತ್ತಿತ್ತು, ಪುಟ್ಟವು ಕೆಲವು ಹಾಗೆ, ಕೆಲವು ಹೀಗೆ. ನಡುವೆ ಏನೋ ಒಂದು ಮೇಲೆ ಕೆಳಗೆ ಆಡುತ್ತಿತ್ತು, ಅದು ಏನೆಂದು ತನಗೆ ಸರಿಯಾಗಿ ತಿಳಿಯಲಿಲ್ಲ ಎಂದೂ ಅವನು ಹೇಳಿದ. ಹತ್ತಿರದ ಡಾಡ್ಜ್ ಸಿಟಿಯ ಹವಾಮಾನ ಕಚೇರಿಯ ಅಲೊಂಜೊ ಜಸ್ಟಿಸ್ ಎಂಬ ಅಧಿಕಾರಿ ಈ ಹೇಳಿಕೆಯನ್ನು ಬರೆದುಕೊಂಡು, 1930ರಲ್ಲಿ ‘ಮಂತ್ಲಿ ವೆದರ್ ರಿವ್ಯೂ’ ನಿಯತಕಾಲಿಕದಲ್ಲಿ ಪ್ರಕಟಿಸಿದರು.

ಸುಂಟರಗಾಳಿಯ ಒಳಗನ್ನು ಕೆಳಗಿನಿಂದ ಕಂಡು ಬದುಕಿ ವಿವರಿಸಿದವರು ಬೆರಳೆಣಿಕೆಯಷ್ಟು ಮಂದಿ, ಅವರಲ್ಲಿ ಕೆಲ್ಲರ್‌ನ ವಿವರಣೆಯೇ ಅತ್ಯಂತ ಪ್ರಸಿದ್ಧ. ಹಾಗೆಂದು ಅದರಲ್ಲಿರುವುದನ್ನೆಲ್ಲ ಯಥಾವತ್ತಾಗಿ ನಂಬಬೇಕಿಲ್ಲ. ಭಯದ ಗಳಿಗೆಯಲ್ಲಿ ಎತ್ತರ ಮತ್ತು ಅಗಲದ ಅಂದಾಜು ಸುಲಭವಾಗಿ ತಪ್ಪುತ್ತದೆ. ಆದರೆ ತಿಳಿಯದ್ದನ್ನು ತಿಳಿಯದೆಂದೇ ಹೇಳುವ ಸಾಕ್ಷಿಯ ಮಾತಿಗೆ ತೂಕ ಹೆಚ್ಚು. ದೊಡ್ಡ ಸುಳಿಯ ಅಂಚಿನಲ್ಲಿ ಕಿರುಸುಳಿಗಳು ಹುಟ್ಟುತ್ತವೆ ಎಂಬ ಸಂಗತಿಯನ್ನು ಚಿಕಾಗೊ ವಿಶ್ವವಿದ್ಯಾಲಯದ ತೆತ್ಸುಯಾ ಫುಜಿತಾ ಹಾನಿಯ ಗುರುತುಗಳಿಂದ ಸ್ಥಾಪಿಸಿದ್ದು ಕೆಲ್ಲರ್ ಕಂಡ ನಾಲ್ಕು ದಶಕಗಳ ನಂತರ. ಒಂದೇ ಬೀದಿಯಲ್ಲಿ ಒಂದು ಮನೆ ಅಡಿಪಾಯ ಮಾತ್ರ ಉಳಿಯುವಂತೆ ಕಿತ್ತುಹೋಗಿ, ಪಕ್ಕದ ಮನೆ ಹೆಂಚು ಕಳೆದುಕೊಂಡು ನಿಂತಿರುವುದು ಏಕೆ ಎಂಬ ಹಳೆಯ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಈ ಕಿರುಸುಳಿಗಳಲ್ಲಿದೆ. ಅವನು ಕಂಡ ಮಿಂಚಿನ ಕತೆ ಬೇರೆ. 1960ರಲ್ಲಿ ಬರ್ನಾರ್ಡ್ ವಾನಿಗಟ್ ಎಂಬ ವಿಜ್ಞಾನಿ ಸುಂಟರಗಾಳಿಗೆ ಶಕ್ತಿ ಒದಗಿಸುವುದು ವಿದ್ಯುತ್ತೇ ಇರಬಹುದೆಂದು ವಾದಿಸಿದರು. ಮುಂದಿನ ಅಧ್ಯಯನಗಳಲ್ಲಿ ಆ ವಾದ ನಿಲ್ಲಲಿಲ್ಲ. ಮೋಡದ ಒಳಗಿನ ಬಿಸಿ ಮತ್ತು ಗಾಳಿಯ ತಿರುಗುವಿಕೆಯೇ ಅದಕ್ಕೆ ಸಾಕು.

ಗ್ರೀನ್ಸ್‌ಬರ್ಗ್ ಇರುವುದು ಕಯೋವಾ ಕೌಂಟಿಯಲ್ಲಿ. ಕಾನ್ಸಸ್ಸಿನ ದಕ್ಷಿಣ ಭಾಗದ ಈ ಕೌಂಟಿ 1886ರಲ್ಲಿ ಈಗಿನ ರೂಪ ಪಡೆಯಿತು. ಸುಮಾರು 1,870 ಚದರ ಕಿಲೊಮೀಟರ್ ವಿಸ್ತಾರದಲ್ಲಿ ಇಂದು ಇರುವವರು ಎರಡೂವರೆ ಸಾವಿರ ಜನ. ಉಳಿದದ್ದೆಲ್ಲ ಗೋಧಿ, ಜೋಳ, ಹುಲ್ಲುಗಾವಲು. ಕೌಂಟಿಯ ಕೇಂದ್ರವಾದ ಗ್ರೀನ್ಸ್‌ಬರ್ಗಿನ ಹೆಸರು ಹೊರಗಿನವರಿಗೆ ತಿಳಿದಿದ್ದರೆ ಅದಕ್ಕೆ ಬಹುಕಾಲ ಕಾರಣವಾಗಿದ್ದದ್ದು 1887–88ರಲ್ಲಿ ಕೈಯಿಂದಲೇ ತೋಡಿದ, 33 ಮೀಟರ್ ಆಳದ ಒಂದು ಬಾವಿ, ಮತ್ತು ಸುತ್ತಲಿನ ಹೊಲಗಳಲ್ಲಿ ನೇಗಿಲಿಗೆ ಸಿಕ್ಕುತ್ತಿದ್ದ ಉಲ್ಕಾಶಿಲೆಗಳು.

ಈ ಬಯಲಿನಲ್ಲಿ ಸುಂಟರಗಾಳಿಗಳು ಏಳುವುದಕ್ಕೆ ಕಾರಣ ನೆಲದ ಮಟ್ಟಸವೊಂದೇ ಅಲ್ಲ, ಅದು ನಕಾಶೆಯಲ್ಲಿ ಇರುವ ಜಾಗ. ವಸಂತದಲ್ಲಿ ಮೆಕ್ಸಿಕೊ ಕೊಲ್ಲಿಯ ಬೆಚ್ಚನೆಯ ತೇವದ ಗಾಳಿ ತಡೆಯಿಲ್ಲದೆ ಉತ್ತರಕ್ಕೆ ಹರಿದು ಬರುತ್ತದೆ. ಪಶ್ಚಿಮದ ಎತ್ತರದ ಒಣ ನಾಡುಗಳಿಂದ ಬಿಸಿ ಗಾಳಿ ಬಂದು ಅದರ ಮೇಲೆ ಮುಚ್ಚಳ ಹಾಕಿದಂತೆ ಹರಡಿಕೊಳ್ಳುತ್ತದೆ. ಮುಚ್ಚಳವಿರುವಷ್ಟು ಹೊತ್ತು ಮೋಡ ಏಳದು, ಆದರೆ ಕೆಳಗೆ ಬಿಸಿಲಿನ ಶಾಖ ಕೂಡುತ್ತಲೇ ಹೋಗುತ್ತದೆ. ಒಣ ಗಾಳಿಗೂ ತೇವದ ಗಾಳಿಗೂ ನಡುವಿನ ಗಡಿಯಲ್ಲಿ, ಸಾಮಾನ್ಯವಾಗಿ ಇಳಿಹೊತ್ತಿನಲ್ಲಿ, ಮುಚ್ಚಳ ಎಲ್ಲಾದರೂ ಒಡೆದರೆ ಕೂಡಿಟ್ಟ ಗಾಳಿಯೆಲ್ಲ ಅಲ್ಲಿಂದ ಮೇಲೆ ನುಗ್ಗಿ, ಒಂದೆರಡು ಗಂಟೆಯೊಳಗೆ ಹನ್ನೆರಡು ಹದಿನೈದು ಕಿಲೊಮೀಟರ್ ಎತ್ತರದ ಮೋಡವಾಗುತ್ತದೆ. ನೆಲದ ಬಳಿ ಗಾಳಿ ಆಗ್ನೇಯದಿಂದ ಮೆಲ್ಲಗೆ, ಎತ್ತರದಲ್ಲಿ ಪಶ್ಚಿಮದಿಂದ ಜೋರಾಗಿ ಬೀಸುತ್ತಿದ್ದರೆ, ನಡುವಿನ ಗಾಳಿ ಲಟ್ಟಣಿಗೆಯಂತೆ ಅಡ್ಡವಾಗಿ ಉರುಳುತ್ತಿರುತ್ತದೆ. ಮೇಲೇರುವ ಗಾಳಿ ಈ ಉರುಳನ್ನು ಎತ್ತಿ ನಿಲ್ಲಿಸಿದಾಗ ಇಡೀ ಮೋಡವೇ ಗಿರ್ರನೆ ತಿರುಗತೊಡಗುತ್ತದೆ. ಇಂತಹ ಮೋಡಕ್ಕೆ ಸೂಪರ್‌ಸೆಲ್ ಎಂದು ಹೆಸರು. ಪ್ರಬಲ ಸುಂಟರಗಾಳಿಗಳೆಲ್ಲ ಹೆಚ್ಚುಕಡಿಮೆ ಇವುಗಳ ಸಂತಾನ. ಆದರೆ ಬಹುಪಾಲು ಸೂಪರ್‌ಸೆಲ್‌ಗಳು ಸುಂಟರಗಾಳಿಯನ್ನು ಹುಟ್ಟಿಸುವುದಿಲ್ಲ. ಯಾವುದು ಹುಟ್ಟಿಸುತ್ತದೆ, ಯಾವುದು ಬಿಡುತ್ತದೆ ಎಂದು ಮೊದಲೇ ಹೇಳುವುದು ಇಂದಿಗೂ ಈ ವಿಜ್ಞಾನದ ಅತಿ ಕಷ್ಟದ ಪ್ರಶ್ನೆ.

ಹಾಗಾದರೆ ಇಂತಹ ಕೌಂಟಿಯಲ್ಲಿ ಇದುವರೆಗೆ ಎಷ್ಟು ಸುಂಟರಗಾಳಿಗಳು ಬಂದಿವೆ? ಪ್ರಶ್ನೆ ಸರಳವಾಗಿ ಕಾಣುತ್ತದೆ, ಆದರೆ ದಾಖಲೆ ಅದಕ್ಕೆ ನೆಟ್ಟಗೆ ಉತ್ತರ ಕೊಡುವುದಿಲ್ಲ. ಅಮೆರಿಕದ ಅಧಿಕೃತ ಪಟ್ಟಿ ಶುರುವಾಗುವುದೇ 1950ರಿಂದ. ಅದಕ್ಕೂ ಹಿಂದಿನದು ಪತ್ರಿಕೆಗಳ ಸುದ್ದಿ, ಸತ್ತವರ ಲೆಕ್ಕ, ಕೆಲ್ಲರ್‌ನಂಥವರ ಹೇಳಿಕೆ. ಮನೆ ಮುರಿದಿದ್ದರೆ, ದನ ಸತ್ತಿದ್ದರೆ ಸುದ್ದಿಯಾಯಿತು. ಖಾಲಿ ಹುಲ್ಲುಗಾವಲಿನಲ್ಲಿ ಎದ್ದು ಅಲ್ಲೇ ಅಡಗಿದ್ದರೆ ಇಲ್ಲ. ಸರಕಾರಕ್ಕಂತೂ ಆ ಹೆಸರನ್ನು ಎತ್ತುವುದೇ ಬೇಡವಾಗಿತ್ತು. 1880ರ ದಶಕದಲ್ಲಿ ಸೈನ್ಯದ ಸಿಗ್ನಲ್ ಕೋರ್‌ನ ಜಾನ್ ಫಿನ್ಲಿ ಸುಂಟರಗಾಳಿಯ ಮುನ್ಸೂಚನೆಯನ್ನು ಪ್ರಯೋಗವಾಗಿ ಆರಂಭಿಸಿದ್ದರು. ಜನ ಗಾಬರಿಬೀಳುತ್ತಾರೆಂಬ ಕಾರಣಕ್ಕೆ ಆ ದಶಕದ ಕೊನೆಯಲ್ಲಿ ಅದನ್ನು ನಿಲ್ಲಿಸಿ, ಮುನ್ಸೂಚನೆಗಳಲ್ಲಿ ಆ ಪದವನ್ನು ಬಳಸುವುದನ್ನೇ ನಿಷೇಧಿಸಲಾಯಿತು. ನಿರ್ಬಂಧ ಸಡಿಲವಾದದ್ದು 1938ರಲ್ಲಿ. ಗಾಬರಿಯಿಂದಾಗುವ ಹಾನಿ ಗಾಳಿಯಿಂದಾಗುವ ಹಾನಿಗಿಂತ ದೊಡ್ಡದೆಂಬ ಈ ಎಣಿಕೆಗೆ ಆಧಾರವೇನಿತ್ತೋ ಕಾಣೆ. 1948ರ ಮಾರ್ಚ್ 25ರಂದು ಓಕ್ಲಹೋಮದ ಟಿಂಕರ್ ವಾಯುನೆಲೆಯಲ್ಲಿ ಫಾಬುಷ್ ಮತ್ತು ಮಿಲ್ಲರ್ ಎಂಬ ಇಬ್ಬರು ಸೇನಾಧಿಕಾರಿಗಳು ಕೊಟ್ಟ ಮುನ್ಸೂಚನೆ ಅದೇ ಸಂಜೆ ಅದೇ ನೆಲೆಯಲ್ಲಿ ನಿಜವಾದ ಮೇಲೆ, ಇದು ಸಾಧ್ಯವಿರುವ ಕೆಲಸವೆಂದು ಉಳಿದವರೂ ಒಪ್ಪತೊಡಗಿದರು.

1950ರ ನಂತರವೂ ಪಟ್ಟಿಯಲ್ಲಿ ಸಂಖ್ಯೆ ಏರುತ್ತ ಹೋಯಿತು. ಏರಿದ್ದು ಮುಖ್ಯವಾಗಿ ದುರ್ಬಲ ಸುಂಟರಗಾಳಿಗಳ ಲೆಕ್ಕ: ಕಾವಲಿಗೆ ನಿಲ್ಲುವ ಸ್ವಯಂಸೇವಕರು, ರಾಡಾರ್, ಕೊನೆಗೆ ಮೋಡದ ಬೆನ್ನುಹತ್ತಿ ಕಾರು ಓಡಿಸುವ ಹವ್ಯಾಸಿಗಳು ಬಂದಂತೆಲ್ಲ, ಮೊದಲು ಯಾರ ಕಣ್ಣಿಗೂ ಬೀಳದೆ ಹೋಗುತ್ತಿದ್ದವೂ ಪಟ್ಟಿ ಸೇರಿದವು. ಆದ್ದರಿಂದ ಕೌಂಟಿಯ ಪಟ್ಟಿಯನ್ನು ಓದುವವರು, ಗಾಳಿಯ ಬದಲಾವಣೆ ಎಷ್ಟು, ನೋಡುವ ಕಣ್ಣುಗಳ ಬದಲಾವಣೆ ಎಷ್ಟು ಎಂದು ಮೊದಲು ಬೇರ್ಪಡಿಸಿಕೊಳ್ಳಬೇಕು.

ಇದರ ಜೊತೆಗೆ ಆಕಸ್ಮಿಕದ ಪಾಲನ್ನೂ ನೆನಪಿಡಬೇಕು. ನೂರು ಮೀಟರ್ ಅಗಲದ ಸುಂಟರಗಾಳಿಯೊಂದು ಐದು ಕಿಲೊಮೀಟರ್ ನಡೆದರೆ ಅದು ತುಳಿಯುವುದು ಅರ್ಧ ಚದರ ಕಿಲೊಮೀಟರನ್ನು, ಅಂದರೆ ಕಯೋವಾ ಕೌಂಟಿಯ 3,700ರಲ್ಲಿ ಒಂದು ಪಾಲನ್ನು. ಕೌಂಟಿಗೆ ಬರುವುದು ಮೇಲಿಂದ ಮೇಲೆ ನಡೆಯುವ ಮಾತು, ಒಂದು ನಿರ್ದಿಷ್ಟ ಮನೆಗೆ ಬಡಿಯುವುದು ತಲೆಮಾರುಗಳಲ್ಲೂ ನಡೆಯದ ಮಾತು. ಆದರೆ ಆಕಸ್ಮಿಕ ಯಾರ ಮುಲಾಜಿಗೂ ಒಳಗಾಗುವುದಿಲ್ಲ: ಗ್ರೀನ್ಸ್‌ಬರ್ಗಿನಿಂದ ಸುಮಾರು 175 ಕಿಲೊಮೀಟರ್ ಉತ್ತರಕ್ಕಿರುವ ರೂಕ್ಸ್ ಕೌಂಟಿಯ ಕೋಡೆಲ್ ಎಂಬ ಹಳ್ಳಿಯ ಆಸುಪಾಸಿಗೆ 1916, 1917 ಮತ್ತು 1918, ಮೂರೂ ವರ್ಷ ಮೇ 20ರಂದೇ ಸುಂಟರಗಾಳಿ ಬಡಿಯಿತು. 1919ರ ಮೇ 20ರಂದು ಏನೂ ಆಗಲಿಲ್ಲ.

ಗ್ರೀನ್ಸ್‌ಬರ್ಗಿನ ಸರದಿ ಬಂದದ್ದು 2007ರ ಮೇ 4ರ ರಾತ್ರಿ. ಸಂಜೆ ನೈಋತ್ಯದಲ್ಲಿ ಎದ್ದ ಒಂದು ಸೂಪರ್‌ಸೆಲ್ ಕತ್ತಲಾದ ಮೇಲೆ ಶಾಂತವಾಗುವ ಬದಲು ಬಲಿಯಿತು. ದಕ್ಷಿಣದ ಬಯಲುಗಳಲ್ಲಿ ಇದಕ್ಕೆ ಕಾರಣ ಸಿದ್ಧವಾಗಿಯೇ ಇರುತ್ತದೆ. ಹೊತ್ತು ಮುಳುಗಿ ನೆಲ ತಂಪಾದೊಡನೆ, ಹಗಲಲ್ಲಿ ನೆಲದ ಉಜ್ಜಾಟಕ್ಕೆ ಸಿಕ್ಕಿ ನಿಧಾನವಾಗಿದ್ದ ಗಾಳಿ ಕೆಲವು ನೂರು ಮೀಟರ್ ಎತ್ತರದಲ್ಲಿ ಆ ಹಿಡಿತದಿಂದ ಬಿಡಿಸಿಕೊಂಡು ವೇಗ ಪಡೆಯುತ್ತದೆ. ಅದು ಮೋಡಕ್ಕೆ ತೇವವನ್ನೂ ತಿರುಗುವಿಕೆಯನ್ನೂ ಒಟ್ಟಿಗೆ ಉಣಿಸುತ್ತದೆ. ಡಾಡ್ಜ್ ಸಿಟಿಯ ಹವಾಮಾನ ಕಚೇರಿ ರಾಡಾರಿನಲ್ಲಿ ಆ ಸುಳಿಯನ್ನು ನೋಡುತ್ತಲೇ ಇತ್ತು. ಪಟ್ಟಣದಲ್ಲಿ ಸೈರನ್ ಕೂಗಿದ್ದು ಸುಮಾರು 20 ನಿಮಿಷ ಮೊದಲು. ರಾತ್ರಿ 9.45ರ ಸುಮಾರಿಗೆ ಸುಂಟರಗಾಳಿ ಪಟ್ಟಣವನ್ನು ಹೊಕ್ಕಾಗ ಅದರ ಅಗಲ 2.7 ಕಿಲೊಮೀಟರ್, ಅಂದರೆ ಪಟ್ಟಣಕ್ಕಿಂತಲೂ ಹೆಚ್ಚು. ಗಾಳಿಯ ವೇಗದ ಅಂದಾಜು ಗಂಟೆಗೆ 330 ಕಿಲೊಮೀಟರ್. ಹಾದುಹೋಗುವಷ್ಟರಲ್ಲಿ ಪಟ್ಟಣದ ಶೇ 95ರಷ್ಟು ಭಾಗ ನಾಶವಾಗಿತ್ತು. ಶಾಲೆ, ಆಸ್ಪತ್ರೆ, ಚರ್ಚುಗಳು ಹೋದವು, ಬಾವಿಯ ಪಕ್ಕದ ವಸ್ತುಸಂಗ್ರಹಾಲಯ ಹೋಯಿತು. ಅಲ್ಲಿದ್ದ ಸುಮಾರು 450 ಕಿಲೊ ತೂಕದ ಉಲ್ಕಾಶಿಲೆ ಆಮೇಲೆ ಅವಶೇಷಗಳ ನಡುವೆ ಸಿಕ್ಕಿತು.

ಸುಮಾರು 1,400 ಜನರಿದ್ದ ಪಟ್ಟಣದಲ್ಲಿ ಸತ್ತವರು ಹತ್ತು ಹನ್ನೆರಡು ಮಂದಿ. ಇದಕ್ಕೆ ಹೋಲಿಸಬೇಕಾದ ಘಟನೆ ಅದೇ ಕಾನ್ಸಸ್ಸಿನಲ್ಲಿದೆ: 1955ರ ಮೇ 25ರ ರಾತ್ರಿ ಕೌಲಿ ಕೌಂಟಿಯ ಯುಡಾಲ್ ಎಂಬ, ಕೆಲವೇ ನೂರು ಜನರ ಊರಿನ ಮೇಲೆ ಇಂಥದೇ ಸುಂಟರಗಾಳಿ ಎರಗಿದಾಗ 75ಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲಿ ಯಾವ ಎಚ್ಚರಿಕೆಯೂ ಜನರಿಗೆ ಹೊತ್ತಿಗೆ ಸರಿಯಾಗಿ ಮುಟ್ಟಿರಲಿಲ್ಲ. ಎರಡು ರಾತ್ರಿಗಳ ನಡುವಿನ ಅಂತರ ರಾಡಾರಿನದು, ಸೈರನ್ನಿನದು. ಅದರ ಜೊತೆಗೆ, ಸೈರನ್ ಕೇಳಿದ ಕೂಡಲೇ ನೆಲಮಾಳಿಗೆಗೆ ಇಳಿಯುವುದನ್ನು ಚಿಕ್ಕಂದಿನಿಂದ ಕಲಿತಿದ್ದ ಜನರದು.

ಗ್ರೀನ್ಸ್‌ಬರ್ಗಿನ ದುರಂತ ನಡೆದ 2007ರ ಫೆಬ್ರವರಿ 1ರಂದಷ್ಟೇ ಅಮೆರಿಕ ಫುಜಿತಾ ಅವರ 1971ರ ಅಳತೆಗೋಲನ್ನು ಪರಿಷ್ಕರಿಸಿ ಹೊಸ ಇಎಫ್ (ಎನ್‌ಹ್ಯಾನ್ಸ್ಡ್ ಫುಜಿತಾ, ಅಂದರೆ ಸುಧಾರಿತ ಫುಜಿತಾ) ಅಳತೆಯನ್ನು ಜಾರಿಗೆ ತಂದಿತ್ತು. ಅದರ ತುತ್ತತುದಿಯಾದ ಇಎಫ್–5 ದರ್ಜೆ ಪಡೆದ ಮೊದಲ ಸುಂಟರಗಾಳಿ ಗ್ರೀನ್ಸ್‌ಬರ್ಗಿನದು. ಈ ಅಳತೆಯ ಬಗ್ಗೆ ಜನಸಾಮಾನ್ಯರಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ: ಅದು ಗಾಳಿಯ ವೇಗವನ್ನು ಅಳೆಯುತ್ತದೆ ಎಂಬುದು. ಅದು ನೋಡುವುದು ಹಾನಿಯನ್ನು. ಮನೆ, ಶಾಲೆ, ವಿದ್ಯುತ್ ಕಂಬ, ಮರ ಹೀಗೆ 28 ಬಗೆಯ ಗುರುತುಗಳಲ್ಲಿ ಯಾವುದು ಎಷ್ಟು ಮುರಿದಿದೆ ಎಂದು ಪರೀಕ್ಷಿಸಿ, ಅಷ್ಟು ಮುರಿಯಲು ಗಾಳಿ ಎಷ್ಟು ವೇಗದಲ್ಲಿ ಬೀಸಿರಬೇಕು ಎಂದು ಹಿಂದಕ್ಕೆ ಲೆಕ್ಕ ಹಾಕುತ್ತಾರೆ. ಮುರಿಯಲು ಏನೂ ಇಲ್ಲದ ಕಡೆ ಲೆಕ್ಕಕ್ಕೂ ಏನೂ ಸಿಕ್ಕುವುದಿಲ್ಲ. ಇದಕ್ಕೆ ಸಾಕ್ಷಿ ಆ ರಾತ್ರಿಯೇ ಇದೆ. ಗ್ರೀನ್ಸ್‌ಬರ್ಗನ್ನು ಮುಗಿಸಿದ ಅದೇ ಮೋಡ ಈಶಾನ್ಯಕ್ಕೆ ಸರಿದು ಟ್ರೂಸ್‌ಡೇಲ್ ಬಳಿ ಹುಟ್ಟಿಸಿದ ಇನ್ನೊಂದು ಸುಂಟರಗಾಳಿಯ ಅಗಲ 3.5 ಕಿಲೊಮೀಟರ್. ಅದು ನಡೆದದ್ದು ಹೆಚ್ಚಾಗಿ ಹೊಲಗಳ ಮೇಲೆ; ಸಿಕ್ಕಿದ ದರ್ಜೆ ಇಎಫ್–3. ಅದು ಗ್ರೀನ್ಸ್‌ಬರ್ಗಿನದಕ್ಕಿಂತ ದುರ್ಬಲವಾಗಿತ್ತೋ, ಅಥವಾ ಅದರ ಬಲವನ್ನು ತೋರಿಸಿಕೊಡುವಂಥ ಗಟ್ಟಿ ಕಟ್ಟಡಗಳು ಅದಕ್ಕೆ ಎದುರಾಗಲಿಲ್ಲವೋ, ಪಟ್ಟಿಯನ್ನು ನೋಡಿ ಹೇಳುವಂತಿಲ್ಲ. 1950ರಿಂದ 70ರ ದಶಕದ ನಡುವಿನವರೆಗಿನ ಸುಂಟರಗಾಳಿಗಳಿಗೆ ದರ್ಜೆ ಕೊಟ್ಟದ್ದಂತೂ ಇನ್ನೂ ದೂರದ ಕೆಲಸ: ಹಳೆಯ ಪತ್ರಿಕಾ ವರದಿಗಳನ್ನು ಓದಿ ಆಮೇಲೆ ನಿಗದಿ ಮಾಡಿದ್ದು.

ಗ್ರೀನ್ಸ್‌ಬರ್ಗನ್ನು ಮತ್ತೆ ಕಟ್ಟಿದರು, ಆದರೆ ಎಲ್ಲರೂ ಮರಳಲಿಲ್ಲ. 2010ರ ಜನಗಣತಿಯಲ್ಲಿ ಅಲ್ಲಿ ಉಳಿದಿದ್ದವರು 777. ಪುರಸಭೆಯ ದೊಡ್ಡ ಕಟ್ಟಡಗಳೆಲ್ಲ ಇಂಧನ ಉಳಿತಾಯದ ಅತ್ಯುನ್ನತ ಮಾನದಂಡಕ್ಕೆ ಒಪ್ಪಬೇಕೆಂದು ಊರು ನಿರ್ಣಯಿಸಿತು. ಪಕ್ಕದಲ್ಲೇ ಎದ್ದ ಗಾಳಿಯಂತ್ರಗಳು ಹತ್ತು, ಒಟ್ಟು ಸಾಮರ್ಥ್ಯ 12.5 ಮೆಗಾವಾಟ್, ಯಂತ್ರಗಳು ನಮ್ಮ ದೇಶದ ಸುಜ್ಲಾನ್ ಕಂಪನಿಯವು.

2013ರ ಮೇ 20ರಂದು ಓಕ್ಲಹೋಮದ ಮೂರ್ ನಗರಕ್ಕೆ ಬಡಿದದ್ದರ ನಂತರ ಹನ್ನೆರಡು ವರ್ಷ ಅಮೆರಿಕದಲ್ಲಿ ಯಾವ ಸುಂಟರಗಾಳಿಗೂ ಇಎಫ್–5 ದರ್ಜೆ ಸಿಗಲಿಲ್ಲ. ಪ್ರಕೃತಿ ಶಾಂತವಾಗಿದೆಯೋ, ಅಳೆಯುವವರು ಕಟ್ಟುನಿಟ್ಟಾಗಿದ್ದಾರೋ ಎಂದು ತಜ್ಞರಲ್ಲಿ ಚರ್ಚೆ ನಡೆಯುತ್ತಲೇ ಇತ್ತು. ಆ ಹನ್ನೆರಡು ವರ್ಷಗಳ ಬಿಡುವು ಮುರಿದದ್ದು 2025ರ ಜೂನ್ 20ರಂದು, ಮಧ್ಯಪಶ್ಚಿಮದ ಇನ್ನೊಂದು ವಿರಳ ಜನವಸತಿಯ ಸೀಮೆಯಲ್ಲಿ, ನಾರ್ತ್ ಡಕೋಟದ ಎಂಡರ್ಲಿನ್ ಪಟ್ಟಣದ ಹೊರವಲಯದಲ್ಲಿ. ಮನೆಗಳ ಹಾನಿ ನೋಡಿ ಮೊದಲು ಅದಕ್ಕೆ ಕೊಟ್ಟದ್ದು ಇಎಫ್–3. ಆದರೆ ಅದರ ದಾರಿಗೆ ಒಂದು ಗೂಡ್ಸ್ ರೈಲು ಅಡ್ಡ ಸಿಕ್ಕಿತ್ತು. ಸರಕು ತುಂಬಿದ ಬೋಗಿಗಳು ಉರುಳಿದ್ದವು, ಖಾಲಿ ಟ್ಯಾಂಕರ್ ಬೋಗಿಯೊಂದು ಹಳಿಯಿಂದ ನೂರು ಮೀಟರಿಗೂ ಆಚೆ ಹೋಗಿ ಬಿದ್ದಿತ್ತು. ಅಷ್ಟು ಭಾರವನ್ನು ಅಷ್ಟು ದೂರ ಎಸೆಯಲು ಬೇಕಾದ ಗಾಳಿಯನ್ನು ತಜ್ಞರು ತಿಂಗಳುಗಟ್ಟಲೆ ಲೆಕ್ಕ ಹಾಕಿ, ವೇಗ ಗಂಟೆಗೆ 335 ಕಿಲೊಮೀಟರನ್ನು ಮೀರಿತ್ತು ಎಂದು ತೀರ್ಮಾನಿಸಿದ ಮೇಲೆ, ಅಕ್ಟೋಬರಿನಲ್ಲಿ ದರ್ಜೆಯನ್ನು ಇಎಫ್–5ಕ್ಕೆ ಏರಿಸಲಾಯಿತು.